ಸೋನಿಯ ಅಕಿಯೊ ಮೊರಿತ

ದೊಡ್ಡ ಕೈಗಾರಿಕೋದ್ಯಮಿಗಳ ಜೀವನಚರಿತ್ರೆಯೆಂದೊಡನೆ, ಬಡತನದಲ್ಲಿ ಹುಟ್ಟಿ ಬೀದಿದೀಪದ ಕೆಳಗೆ ಓದಿ ಮೇಲೆ ಬಂದವರ ಕಥೆಯನ್ನೇ ನಾವು ಎದುರುನೋಡುತ್ತೇವೆ. ಜಪಾನಿನ ಸೋನಿ ಸಂಸ್ಥೆಯನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಅಕಿಯೊ ಮೊರಿತರ ಕಥೆ ಹಾಗಿಲ್ಲ. ಅವರು ೧೯೨೧ನೆಯ ಇಸವಿ ಜನವರಿ ೨೬ರಂದು ನಗೋಯ ನಗರದಲ್ಲಿ ಸಿರಿವಂತ ಮನೆತನವೊಂದರ ಚೊಚ್ಚಲ ಮಗನಾಗಿ ಜನಿಸಿದರು. ನಗೋಯಕ್ಕೆ ದಕ್ಷಿಣದಲ್ಲಿರುವ ಕೊಸುಗಾಯ ಎಂಬ ಹಳ್ಳಿಯಲ್ಲಿ ಆ ಮನೆತನದವರು ಸುಮಾರು ಮುನ್ನೂರು ವರ್ಷಗಳಿಂದ ಅಕ್ಕಿಯ ಮದ್ಯವನ್ನು ತಯಾರಿಸಿ ಮಾರುತ್ತಿದ್ದರು. ಸೋಯಾ ಕಾಳಿನ ರಸ, ಮಿಸೊ ಎಂಬ ಹುಳಿಸಿದ ಹಿಟ್ಟು ಇವುಗಳ ವ್ಯಾಪಾರವೂ ಇದ್ದಿತು. ಹದಿನಾಲ್ಕು ತಲೆಮಾರುಗಳು ಕಳೆದು ಹದಿನೈದನೆಯವರಾಗಿ ಯಜಮಾನಿಕೆಯನ್ನು ವಹಿಸಿಕೊಳ್ಳತಕ್ಕವರು ಅಕಿಯೊ. ಹತ್ತು ವರ್ಷದ ಹುಡುಗನಾಗಿದ್ದಾಗಲೇ ತಂದೆ ಕ್ಯುಜಯಿಮೊನ್ ಅವರು ಮಗನನ್ನು ಅಂಗಡಿಗೆ ಕರೆದೊಯ್ದು ಲೆಕ್ಕಪತ್ರದ ಮಾತುಕತೆಗಳಲ್ಲಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ನಮ್ಮಲ್ಲಿಯೂ ಹಿರಿಯ ಮಗನ ಪಾಡು ಇದೇ ಅಲ್ಲವೆ? ಅವನ ಬಾಳಿನ ದಾರಿಯನ್ನು ಅವನು ಹುಟ್ಟುವ ಮೊದಲೇ ಬೇರೆಯವರು ತುಳಿದು ಸವೆಸಿಟ್ಟಿರುತ್ತಾರೆ.

ತಾಯಿಯವರಿಗೆ ಪಾಶ್ಚಾತ್ಯ ಸಂಗೀತದಲ್ಲಿ ಬಹಳ ಪ್ರೀತಿ. ಮನೆಯಲ್ಲಿ ಕೈಯಿಂದ ಕೀಲಿಕೊಡುವ ಹಳೆಯ ಗ್ರಾಮಫೋನು ಇದ್ದಿತು. ತಂದೆಯವರು ಒಮ್ಮೆ ವಿದ್ಯುತ್ತಿನಿಂದ ನಡೆಯುವ ಹೊಸ ಗ್ರಾಮಫೋನನ್ನು ಕೊಂಡುತಂದರು. ಅದೇ ತಟ್ಟೆಯಿಂದ, ಅದೇ ಹಾಡು, ಹೊಸ ಯಂತ್ರದಲ್ಲಿ ಬೇರೆಯೇ ಆಗಿ ಕೇಳಿಬಂದಿತು. ಹುಡುಗನ ಮನಸ್ಸು ಅಂದಿನಿಂದ ಮದ್ಯದ ಪೀಪಾಯಿಗಳನ್ನು ಬಿಟ್ಟು ತಂತಿ, ಕವಾಟಗಳ ಕಡೆಗೆ ತಿರುಗಿತು. ಶಾಲೆಯ ಪಾಠಗಳು ಹಿಂದುಳಿದವು. ತರಗತಿಯಲ್ಲಿ ಕೊನೆಯ ಸಾಲಿನವರಲ್ಲಿ ಒಬ್ಬರಾದರು. ಆಮೇಲೆ ಒಂದು ವರ್ಷ ಕೋಣೆಯಲ್ಲಿ ಕುಳಿತು ಹಟ ಹಿಡಿದು ಓದಿ, ನಗೋಯದ ಎಂಟನೆಯ ಉನ್ನತ ಶಾಲೆಯ ವಿಜ್ಞಾನ ಶಾಖೆಗೆ ಸೇರಿದರು. ಅಲ್ಲಿಂದ ಒಸಾಕ ವಿಶ್ವವಿದ್ಯಾನಿಲಯಕ್ಕೆ ಹೋಗಿ ಭೌತಶಾಸ್ತ್ರವನ್ನು ವ್ಯಾಸಂಗ ಮಾಡಿ ೧೯೪೪ರಲ್ಲಿ ಪದವೀಧರರಾದರು. ಅದು ಎರಡನೆಯ ಮಹಾಯುದ್ಧದ ಕಾಲ. ಮೊರಿತರು ನೌಕಾಸೇನೆಯ ಅಧಿಕಾರಿಯಾಗಿ ಸಂಶೋಧನೆಯ ಕೆಲಸಕ್ಕೆ ನಿಯುಕ್ತರಾದರು. ಶಾಖವನ್ನು ಅರಸಿಕೊಂಡು ಹೋಗುವ ಆಯುಧವನ್ನು ಕುರಿತು ಆಲೋಚಿಸುತ್ತಿದ್ದ ಸಮಿತಿಯೊಂದರಲ್ಲಿ ಅವರಿಗೆ ಮಸಾರು ಇಬುಕ ಎಂಬ ಎಂಜಿನಿಯರರ ಪರಿಚಯವಾಯಿತು. ಇಬುಕರು ವಯಸ್ಸಿನಲ್ಲಿ ಹದಿಮೂರು ವರ್ಷ ಹಿರಿಯರು. ಆಯುಧವು ಸಿದ್ಧವಾಗಲಿಲ್ಲ, ಸ್ನೇಹವು ಮಾತ್ರ ಐವತ್ತು ವರ್ಷಗಳಿಗೂ ಮೀರಿ ಉಳಿಯಿತು.

೧೯೪೫ರ ಆಗಸ್ಟಿನಲ್ಲಿ ಜಪಾನು ಸೋತಿತು. ಟೋಕಿಯೊ ನಗರವು ಬಾಂಬಿನ ದಾಳಿಯಲ್ಲಿ ಸುಟ್ಟು ಬೂದಿಯಾಗಿದ್ದಿತು. ಅಳಿದುಳಿದಿದ್ದ ಶಿರೊಕಿಯ ಎಂಬ ದೊಡ್ಡ ಅಂಗಡಿಯ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ಇಬುಕರು ಕೆಲವೇ ಜನರನ್ನು ಕಟ್ಟಿಕೊಂಡು ರೇಡಿಯೋ ರಿಪೇರಿಯ ಕೆಲಸವನ್ನು ಆರಂಭಿಸಿದರು. ಯುದ್ಧಕಾಲದಲ್ಲಿ ಜನರು ಹೊರದೇಶದ ವಾರ್ತೆಗಳನ್ನು ಕೇಳಬಾರದೆಂದು ಸರ್ಕಾರವು ರೇಡಿಯೋಗಳ ಕಿರುತರಂಗದ ಭಾಗವನ್ನು ತೆಗೆಸಿಹಾಕಿದ್ದಿತು. ಈಗ ಅದನ್ನು ಮತ್ತೆ ಜೋಡಿಸಿಕೊಳ್ಳಲು ಜನ ಮುಗಿಬಿದ್ದರು. ಪತ್ರಿಕೆಯೊಂದರಲ್ಲಿ ಇದರ ಸಣ್ಣ ಸುದ್ದಿಯನ್ನು ಕಂಡ ಮೊರಿತರು ಇಬುಕರಿಗೆ ಕಾಗದ ಬರೆದರು. ಬಳಿಕ ಟೋಕಿಯೊಗೆ ಹೊರಟೇಬಿಟ್ಟರು. ಕೆಲವು ಕಾಲ ಟೋಕಿಯೊದ ತಾಂತ್ರಿಕ ವಿದ್ಯಾಲಯದಲ್ಲಿ ಅಧ್ಯಾಪಕರಾಗಿಯೂ ಇದ್ದರು. ಸೇನಾಧಿಕಾರಿಗಳಾಗಿದ್ದವರು ಬೋಧಕ ವೃತ್ತಿಯಲ್ಲಿರಕೂಡದೆಂದು ಆಜ್ಞೆಯಾದುದರಿಂದ ಆ ಕೆಲಸವು ಹೋಯಿತು. ಹೋದದ್ದು ಒಳ್ಳೆಯದೇ ಆಯಿತೆಂದು ತೋರುತ್ತದೆ.

ಉಳಿದದ್ದು ಒಂದೇ ತೊಡಕು, ಅದೇ ದೊಡ್ಡದು. ಹಿರಿಯ ಮಗನನ್ನು ಮನೆತನದವರು ಬಿಟ್ಟುಕೊಡಬೇಕಲ್ಲ! ಜಪಾನಿನಲ್ಲಿ ಹಿರಿಯ ಮಗನು ಮನೆಯ ವೃತ್ತಿಯನ್ನು ತೊರೆಯುವುದೆಂದರೆ ಅಂದಿಗೆ ಸಣ್ಣ ಮಾತಲ್ಲ. ೧೯೪೬ರ ವಸಂತಕಾಲದಲ್ಲಿ ಇಬುಕರೂ, ಅವರ ಮಾವನವರೂ ಮಾಜಿ ಶಿಕ್ಷಣ ಮಂತ್ರಿಗಳೂ ಆಗಿದ್ದ ತಮೊನ್ ಮಯೆದರೂ ರಾತ್ರಿಯ ರೈಲಿನಲ್ಲಿ ಪ್ರಯಾಣ ಮಾಡಿ ಕೊಸುಗಾಯಕ್ಕೆ ಹೋದರು. ಹೆಣ್ಣು ಕೇಳಲು ಹೋಗುವಂತೆ ಇವರು ಗಂಡುಮಗನನ್ನು ಕೇಳಲು ಹೋಗಿದ್ದರು. ಆಶ್ಚರ್ಯವೆಂದರೆ ತಂದೆಯವರು ಹೆಚ್ಚು ವಾದ ಮಾಡದೆ ಒಪ್ಪಿಕೊಂಡರು. ಮಗನಿಗೆ ಇಷ್ಟವಾದುದನ್ನು ಅವನು ಮಾಡಲಿ ಎಂದು ಬಿಟ್ಟುಕೊಟ್ಟರು. ಮನೆಯ ವ್ಯಾಪಾರವನ್ನು ತಮ್ಮನು ವಹಿಸಿಕೊಂಡನು. ಅಷ್ಟೇ ಅಲ್ಲದೆ ಹೊಸ ಸಂಸ್ಥೆಗೆ ಹಣ ಬೇಕಾದಾಗಲೆಲ್ಲ ಆ ತಂದೆಯವರೇ ಸಾಲ ಕೊಟ್ಟು, ಸಾಲಕ್ಕೆ ಬದಲಾಗಿ ಷೇರುಗಳನ್ನು ಪಡೆದರು. ಮುಂದೆ ಆ ಷೇರುಗಳಿಗೆ ಬಂದ ಬೆಲೆಯನ್ನು ನೋಡಿದರೆ, ಮುನ್ನೂರು ವರ್ಷಗಳ ಮದ್ಯದ ವ್ಯಾಪಾರದಲ್ಲಿ ಆ ಮನೆತನವು ಇಂಥ ಲಾಭವನ್ನು ಕಂಡಿರಲಾರದು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯರಾದವರು ಈ ಮುದುಕರೇ.

೧೯೪೬ ಮೇ ೭ರಂದು ಟೋಕಿಯೊ ತ್ಸುಶಿನ್ ಕೊಗ್ಯೊ ಎಂಬ ಉದ್ದ ಹೆಸರಿನ ಕಂಪನಿಯು ಸ್ಥಾಪಿತವಾಯಿತು. ಮೂಲಧನ ೧,೯೦,೦೦೦ ಯೆನ್. ಕೆಲಸಗಾರರು ಸುಮಾರು ಇಪ್ಪತ್ತು ಮಂದಿ. ಮೊದಲು ಅನ್ನ ಬೇಯಿಸುವ ವಿದ್ಯುತ್ ಪಾತ್ರೆಯನ್ನು ಮಾಡಹೋದರು. ಅನ್ನ ಒಮ್ಮೆ ಮುದ್ದೆ, ಒಮ್ಮೆ ಅಕ್ಕಿಯೇ. ಬಿಸಿಯಾಗುವ ದಿಂಬುಗಳನ್ನೂ ಮಾಡಿ ಮಾರಿದರು. ಬಳಿಕ ಅಮೆರಿಕನ್ ಅಧಿಕಾರಿಗಳ ಬಳಿ ಟೇಪ್ ರೆಕಾರ್ಡರನ್ನು ಕಂಡ ಇಬುಕರು ಅದನ್ನು ತಾವೇ ತಯಾರಿಸಬೇಕೆಂದು ನಿಶ್ಚಯಿಸಿದರು. ಯಂತ್ರವನ್ನು ಹೇಗೋ ಮಾಡಬಹುದು, ಸುರುಳಿಯನ್ನು ಮಾಡುವುದು ಹೇಗೆ? ಪ್ಲಾಸ್ಟಿಕ್ಕು ಆಗ ಜಪಾನಿನಲ್ಲಿ ಸಿಗುತ್ತಿರಲಿಲ್ಲ. ಕಾಗದವನ್ನೇ ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಅಂಟಿಸಿದರು. ಕಬ್ಬಿಣದ ಆಕ್ಸಲೇಟ್ ಎಂಬ ಲವಣವನ್ನು ಬಾಣಲೆಯಲ್ಲಿ ಹುರಿದು ಕಂದುಬಣ್ಣದ ಆಕ್ಸೈಡಿನ ಪುಡಿಯನ್ನಾಗಿ ಮಾಡಿಕೊಂಡರು. ಅದನ್ನು ಮೆರುಗೆಣ್ಣೆಯಲ್ಲಿ ಕಲಸಿ, ಮೃದುವಾದ ಕೂದಲಿನ ಕುಂಚದಿಂದ ಕಾಗದದ ಮೇಲೆ ಕೈಯಾರೆ ಬಳಿದರು. ಮುಂದೆ ಪ್ರಪಂಚದ ಮನೆಮನೆಗಳನ್ನು ಹೊಕ್ಕ ವೀಡಿಯೋ ಸುರುಳಿಗಳ ಮೂಲವು ಈ ಬಾಣಲೆಯಲ್ಲಿದೆ. ಅಲ್ಲಿ ಹುರಿಯುತ್ತಿದ್ದವರಲ್ಲಿ ಒಬ್ಬರಾದ ನೊಬುತೊಶಿ ಕಿಹಾರ ಎಂಬ ತರುಣ ಎಂಜಿನಿಯರರೇ ಮುಂದೆ ಸೋನಿಯ ವೀಡಿಯೋ ಯಂತ್ರಗಳನ್ನು ರಚಿಸಿದರು.

೧೯೫೦ರಲ್ಲಿ ಟೇಪ್ ರೆಕಾರ್ಡರು ಸಿದ್ಧವಾಯಿತು. ತೂಕ ಬಹಳ ಹೆಚ್ಚು. ಬೆಲೆ ಒಂದೂವರೆ ಲಕ್ಷ ಯೆನ್ನಿಗೂ ಮೇಲೆ. ಎಲ್ಲರೂ ಕೇಳಿ ಬೆರಗಾದರು, ಕೊಂಡವರಿಲ್ಲ. ಮೊರಿತರು ಭೌತಶಾಸ್ತ್ರವನ್ನು ಮೂಲೆಗಿಟ್ಟು ವ್ಯಾಪಾರಿಯಾದದ್ದು ಇಲ್ಲಿಂದ. ಒಳ್ಳೆಯ ವಸ್ತುವನ್ನು ತಯಾರಿಸಿದರೆ ಸಾಲದು, ಅದರ ಬೆಲೆಯನ್ನು ಅರಿಯಬಲ್ಲವರನ್ನು ಹುಡುಕಿಕೊಂಡು ಹೋಗಬೇಕೆಂದು ಅವರು ಕಂಡುಕೊಂಡರು. ನ್ಯಾಯಾಲಯಗಳಲ್ಲಿ ಶೀಘ್ರಲಿಪಿಕಾರರ ಕೊರತೆಯಿದೆಯೆಂದು ತಿಳಿದು ಅಲ್ಲಿಗೆ ಹೋಗಿ ಇಪ್ಪತ್ತು ಯಂತ್ರಗಳನ್ನು ಮಾರಿಬಂದರು. ಬಳಿಕ ಹಗುರವಾದ ಯಂತ್ರವನ್ನು ಮಾಡಿಸಿ ಶಾಲೆಗಳಿಗೆ ಮಾರಿದರು. ಇದೇ ಬುದ್ಧಿಯಿಂದಲೇ ಅವರು ಮುಂದೆ ಬಂದರು. ಇದೇ ಬುದ್ಧಿಯು ಒಂದು ಸಲ ಅವರಿಗೆ ಕೈಕೊಟ್ಟಿತು. ಅದನ್ನು ಮುಂದೆ ಹೇಳುತ್ತೇನೆ.

೧೯೫೩ರಲ್ಲಿ ಮೊರಿತರು ಮೊದಲ ಸಲ ಹೊರದೇಶಗಳಿಗೆ ಹೋದರು. ಅಮೆರಿಕದಲ್ಲಿ ಟ್ರಾನ್ಸಿಸ್ಟರನ್ನು ತಯಾರಿಸುವ ಹಕ್ಕಿಗಾಗಿ ಇಪ್ಪತ್ತೈದು ಸಾವಿರ ಡಾಲರಿನ ಒಪ್ಪಂದವನ್ನು ಮಾಡಿಕೊಂಡರು. ಜರ್ಮನಿಯಲ್ಲಿ ಒಂದು ಉಪಾಹಾರ ಗೃಹದಲ್ಲಿ ಐಸ್‌ಕ್ರೀಮಿನ ಮೇಲೆ ಚುಚ್ಚಿದ್ದ ಪುಟ್ಟ ಕಾಗದದ ಕೊಡೆಯನ್ನು ತೋರಿಸಿ, ಇದು ನಿಮ್ಮ ದೇಶದಿಂದಲೇ ಬಂದದ್ದು ಎಂದು ಪರಿಚಾರಕನು ವಿಶ್ವಾಸದಿಂದಲೇ ತಿಳಿಸಿದನು. ಮೊರಿತರ ಮುಖ ಸಪ್ಪಗಾಯಿತು. ಜಪಾನೆಂದರೆ ಪ್ರಪಂಚಕ್ಕೆ ಕಾಗದದ ಆಟಿಕೆಯೇ ಸರಿ ಎಂಬ ಸ್ಥಿತಿ ಆಗ ಇದ್ದಿತು. ಹಾಲೆಂಡಿನ ಐಂಡ್‌ಹೋವೆನ್ ಎಂಬ ಸಣ್ಣ ಊರಿನಲ್ಲಿ ಫಿಲಿಪ್ಸ್ ಸಂಸ್ಥೆಯ ಕಾರ್ಖಾನೆಯನ್ನು ನೋಡಿದ ಮೇಲೆ ಅವರಿಗೆ ಧೈರ್ಯ ಬಂದಿತು. ಬೇಸಾಯದ ಸೀಮೆಯ ಮೂಲೆಯೊಂದರಿಂದ ಆ ಜನರು ಜಗತ್ತಿಗೆ ಮಾರಬಹುದಾದರೆ ತಾವೂ ಮಾರಬಹುದು ಎಂದುಕೊಂಡರು. ಉದ್ದ ಹೆಸರು ಪರದೇಶಿಯರ ನಾಲಗೆಗೆ ಒಗ್ಗದೆಂದು, ಲ್ಯಾಟಿನ್ ಭಾಷೆಯಲ್ಲಿ ಧ್ವನಿಯೆಂಬ ಅರ್ಥವುಳ್ಳ ಸೋನಸ್ ಶಬ್ದದಿಂದ ಸೋನಿ ಎಂಬ ಹೆಸರನ್ನು ಮಾಡಿಕೊಂಡು, ೧೯೫೮ರಲ್ಲಿ ಸಂಸ್ಥೆಗೇ ಅದನ್ನಿಟ್ಟರು.

ಈ ಹೆಸರಿನ ವಿಷಯದಲ್ಲಿ ಅವರಿಗಿದ್ದ ಛಲಕ್ಕೆ ಒಂದು ನಿದರ್ಶನವನ್ನು ಕೊಡಬೇಕು. ೧೯೫೫ರಲ್ಲಿ ಅಮೆರಿಕದ ಬುಲೋವ ಎಂಬ ಹೆಸರಾಂತ ಗಡಿಯಾರದ ಕಂಪನಿಯವರು ಒಂದು ಲಕ್ಷ ಟ್ರಾನ್ಸಿಸ್ಟರ್ ರೇಡಿಯೋಗಳನ್ನು ಕೊಳ್ಳಲು ಮುಂದೆ ಬಂದರು. ರೇಡಿಯೋಗಳ ಮೇಲೆ ತಮ್ಮ ಹೆಸರಿರಬೇಕೆಂಬುದು ಅವರ ಷರತ್ತು. ಒಂದು ಲಕ್ಷವೆಂದರೆ ಆ ಸಣ್ಣ ಕಂಪನಿಯ ಮೂಲಧನಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ವ್ಯವಹಾರ. ಟೋಕಿಯೊದಿಂದ ಒಪ್ಪಿಕೊಳ್ಳಿರೆಂದು ತಂತಿ ಬಂದಿತು. ಮೊರಿತರು ಒಪ್ಪಲಿಲ್ಲ. ಬೇರೆಯವರ ಹೆಸರಿನಲ್ಲಿ ಲಕ್ಷ ಮಾರುವುದಕ್ಕಿಂತ ತಮ್ಮ ಹೆಸರಿನಲ್ಲಿ ಹತ್ತು ಸಾವಿರ ಮಾರುವುದು ಲೇಸೆಂದು ತಿಳಿದರು. ಆ ದಿನ ಅವರ ಹಟವೇ ಸರಿಯಾಗಿದ್ದಿತೆಂದು ಕಾಲವು ತೋರಿಸಿತು. ೧೯೬೦ರಲ್ಲಿ ಅಮೆರಿಕದಲ್ಲಿ ಸೋನಿಯ ಶಾಖೆ ತೆರೆಯಿತು. ೧೯೬೧ರಲ್ಲಿ ಆ ದೇಶದ ಪೇಟೆಯಲ್ಲಿ ಸಂಸ್ಥೆಯ ಷೇರುಗಳು ಮಾರಾಟವಾದವು. ೧೯೬೩ರಲ್ಲಿ ಮೊರಿತರು ಹೆಂಡತಿ ಯೊಶಿಕೊ ಮತ್ತು ಮೂವರು ಮಕ್ಕಳೊಂದಿಗೆ ನ್ಯೂಯಾರ್ಕಿನಲ್ಲೇ ಮನೆ ಮಾಡಿದರು. ಇಂಗ್ಲಿಷು ಬಾರದ ಮಕ್ಕಳನ್ನು ಅಲ್ಲಿಯ ಶಾಲೆಗೆ ಸೇರಿಸಿದರು. ಅಮೆರಿಕನ್ನರಿಗೆ ವಸ್ತುಗಳನ್ನು ಮಾರಬೇಕಾದರೆ ಅವರ ನಡುವೆ ಬಾಳಿ ನೋಡಬೇಕೆಂಬುದು ಅವರ ಅಭಿಪ್ರಾಯ. ಮರುವರ್ಷ ತಂದೆಯವರು ತೀರಿಕೊಂಡುದರಿಂದ ಹಿರಿಯ ಮಗನು ಹಿಂದಿರುಗಬೇಕಾಯಿತು.

೧೯೬೬ರಲ್ಲಿ ಅವರು ಶಾಲಾ ಕಾಲೇಜುಗಳ ದಾಖಲೆಗೆ ಬೆಲೆಯಿಲ್ಲವೆಂದು ವಾದಿಸುವ ಪುಸ್ತಕವೊಂದನ್ನು ಬರೆದರು. ಯಾವ ವಿಶ್ವವಿದ್ಯಾನಿಲಯದಿಂದ ಬಂದವನೆಂದು ನೋಡಿ ಜನರಿಗೆ ಬಡ್ತಿ ಕೊಡುವುದನ್ನು ಅವರು ತಮ್ಮ ಸಂಸ್ಥೆಯಲ್ಲಿ ನಿಲ್ಲಿಸಿದರು. ಜಪಾನಿನಲ್ಲಿ ಪುಸ್ತಕವು ಬಹಳವಾಗಿ ಮಾರಾಟವಾಯಿತು. ಈ ಲೇಖನವನ್ನು ಬರೆಯುತ್ತಿರುವವನ ಮನೆಯಲ್ಲಿ ಪದವಿ ಪರೀಕ್ಷೆಗೆ ಕುಳಿತವರು ಈತನಿಗೆ ಮುಂಚೆ ಯಾರೂ ಇಲ್ಲ. ಆದುದರಿಂದ ಈ ವಾದವನ್ನು ನಾನು ಎರಡು ಮನಸ್ಸಿನಿಂದ ನೋಡುತ್ತೇನೆ. ದೊಡ್ಡ ಹೆಸರಿನ ಕಾಲೇಜಿನಲ್ಲಿ ಓದದವನಿಗೂ ಬಾಗಿಲು ತೆರೆದಿರಬೇಕೆನ್ನುವುದು ನಮ್ಮಂಥ ಸರ್ಕಾರಿ ಕಾಲೇಜಿನವರಿಗೆ ಹಿತವಾದ ಮಾತೇ. ಆದರೆ ಒಸಾಕದ ಪದವಿಯೂ, ತಂದೆಯ ಸಾಲವೂ ಬೆನ್ನಿಗಿದ್ದವರು ಪದವಿ ಬೇಡವೆನ್ನುವುದು ಸುಲಭ. ಆ ಕಾಗದದ ಚೂರಿಗಾಗಿ ಇಡೀ ಮನೆಯವರು ಕಾದು ಕುಳಿತಿರುವ ಕಡೆ ಅದರ ಬೆಲೆಯೇ ಬೇರೆ.

ಇನ್ನು ವೀಡಿಯೋ ಸುರುಳಿಯ ಪ್ರಕರಣಕ್ಕೆ ಬರೋಣ. ಮೊರಿತರ ಬಾಳಿನಲ್ಲಿ ಗೆಲುವೂ ಸೋಲೂ ಒಂದರೊಳಗೊಂದು ಹೆಣೆದುಕೊಂಡಿರುವುದು ಇಲ್ಲಿಯೇ.

ಧ್ವನಿಯನ್ನು ಮುದ್ರಿಸುವ ಸುರುಳಿಗಿಂತ ಚಿತ್ರವನ್ನು ಮುದ್ರಿಸುವ ಸುರುಳಿಯು ನೂರಾರು ಪಟ್ಟು ಹೆಚ್ಚು ಸಂಕೇತಗಳನ್ನು ಹೊರಬೇಕಾಗುತ್ತದೆ. ಸುರುಳಿಯನ್ನು ಅಷ್ಟು ವೇಗವಾಗಿ ಓಡಿಸಿದರೆ ಮೈಲಿಗಟ್ಟಲೆ ಸುರುಳಿ ಬೇಕು. ಅಮೆರಿಕದ ಆಂಪೆಕ್ಸ್ ಕಂಪನಿಯವರು ೧೯೫೬ರಲ್ಲಿ ಇದಕ್ಕೆ ಉಪಾಯ ಕಂಡುಹಿಡಿದರು. ಸುರುಳಿಯು ನಿಧಾನವಾಗಿ ಸಾಗಲಿ, ಮುದ್ರಿಸುವ ತಲೆಯೇ ಗಿರ್ರನೆ ತಿರುಗಲಿ ಎಂಬುದು ಆ ಉಪಾಯ. ಎರಡು ಅಂಗುಲ ಅಗಲದ ಸುರುಳಿಯುಳ್ಳ ಆ ಯಂತ್ರವು ಬೀರುವಿನಷ್ಟು ದೊಡ್ಡದು. ಬೆಲೆ ಸುಮಾರು ಐವತ್ತು ಸಾವಿರ ಡಾಲರು. ದೂರದರ್ಶನ ಕೇಂದ್ರಗಳು ಮಾತ್ರ ಅದನ್ನು ಕೊಳ್ಳಬಲ್ಲವಾಗಿದ್ದವು. ಇಬುಕರೂ ಮೊರಿತರೂ ಅದನ್ನು ಮನೆಯೊಳಕ್ಕೆ ತರಬೇಕೆಂದು ಹೊರಟರು. ೧೯೬೫ರಲ್ಲಿ ಸೋನಿಯ ಮೊದಲ ಮನೆಬಳಕೆಯ ವೀಡಿಯೋ ಯಂತ್ರವು ಬಂದಿತು. ಅದರಲ್ಲಿ ಸುರುಳಿಯನ್ನು ಕೈಯಿಂದಲೇ ಪೋಣಿಸಬೇಕಾಗಿದ್ದಿತು. ೧೯೭೧ರಲ್ಲಿ ಮುಕ್ಕಾಲು ಅಂಗುಲದ ಸುರುಳಿಯನ್ನು ಪೆಟ್ಟಿಗೆಯೊಳಗಿಟ್ಟ ಯು-ಮ್ಯಾಟಿಕ್ ಬಂದಿತು. ಮತ್ಸುಶಿತ ಮತ್ತು ಜೆ.ವಿ.ಸಿ. ಕಂಪನಿಗಳೂ ಇದೇ ಮಾದರಿಗೆ ಒಪ್ಪಿದ್ದವು. ಬೆಲೆ ಹೆಚ್ಚಾದುದರಿಂದ ಅದು ಶಾಲೆಗಳಿಗೂ ಸುದ್ದಿಯ ಕೇಂದ್ರಗಳಿಗೂ ಹೋಯಿತೇ ಹೊರತು ಮನೆಗಳಿಗೆ ಬರಲಿಲ್ಲ. ಇಬುಕರು ಕಿಹಾರರ ಮುಂದೆ ಜೇಬಿನಲ್ಲಿಡುವಂಥ ಪುಸ್ತಕವೊಂದನ್ನಿಟ್ಟು, ಪೆಟ್ಟಿಗೆಯು ಇಷ್ಟೇ ಇರಬೇಕೆಂದು ಅಪ್ಪಣೆ ಮಾಡಿದರಂತೆ.

೧೯೭೫ ಮೇ ತಿಂಗಳಲ್ಲಿ ಬೀಟಾಮ್ಯಾಕ್ಸ್ ಪೇಟೆಗೆ ಬಂದಿತು. ಅರ್ಧ ಅಂಗುಲದ ಸುರುಳಿ. ಒಂದು ಗಂಟೆಯ ಮುದ್ರಣ. ಯಂತ್ರದ ಬೆಲೆ ೨,೨೯,೮೦೦ ಯೆನ್. ಎರಡು ತಲೆಗಳನ್ನು ಒಂದಕ್ಕೊಂದು ವಿರುದ್ಧವಾಗಿ ಓರೆಮಾಡಿ ಕೂರಿಸಿದ್ದರಿಂದ ಒಂದು ಗೆರೆಯ ಚಿತ್ರವು ಪಕ್ಕದ ಗೆರೆಯೊಂದಿಗೆ ಬೆರೆಯುತ್ತಿರಲಿಲ್ಲ. ಆದುದರಿಂದ ಗೆರೆಗಳ ನಡುವೆ ಖಾಲಿ ಜಾಗವನ್ನು ಬಿಡಬೇಕಾಗಿರಲಿಲ್ಲ, ಸುರುಳಿಯು ಉಳಿಯುತ್ತಿತ್ತು. ಜಪಾನೀ ಭಾಷೆಯಲ್ಲಿ ಸಂದಿಲ್ಲದಂತೆ ದಟ್ಟವಾಗಿ ಬಳಿಯುವುದಕ್ಕೆ ಬೇಟ ಎನ್ನುತ್ತಾರೆ. ಹೆಸರಿನ ಒಂದು ಮೂಲ ಅದೇ. ಯಂತ್ರದೊಳಗೆ ಸುರುಳಿಯು ಹಾಯುವ ದಾರಿಯು ಗ್ರೀಕರ ಬೀಟಾ ಅಕ್ಷರದ ಹಾಗೆ ಕಾಣುತ್ತಿದ್ದುದು ಇನ್ನೊಂದು ಮೂಲ. ಮೊರಿತರು ಇದಕ್ಕೆ ಒಂದು ಹೊಸ ತತ್ವವನ್ನೇ ಕಟ್ಟಿಕೊಟ್ಟರು. ದೂರದರ್ಶನವು ತನಗೆ ತೋಚಿದ ಹೊತ್ತಿನಲ್ಲಿ ತೋರಿಸುವುದನ್ನು ಜನರು ಊಟ ನಿದ್ರೆ ಬಿಟ್ಟು ನೋಡಬೇಕಾಗಿದ್ದಿತು. ಇನ್ನು ಮೇಲೆ ಪುಸ್ತಕದಂತೆ, ಬೇಕಾದಾಗ ತೆರೆದು ನೋಡಬಹುದು. ಕಾಲವನ್ನು ಸರಿಸಿಡುವುದು ಎಂಬರ್ಥದ ಹೆಸರನ್ನು ಅವರು ಇದಕ್ಕೆ ಕೊಟ್ಟರು. ಇಂದು ನಾವು ಮೊಬೈಲಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ನೋಡುವುದೆಲ್ಲ ಆ ಒಂದು ಆಲೋಚನೆಯ ಸಂತತಿಯೇ.

ಮೊದಲ ಅಡ್ಡಿ ಬಂದದ್ದು ಹಾಲಿವುಡ್ಡಿನಿಂದ. ಯೂನಿವರ್ಸಲ್ ಮತ್ತು ಡಿಸ್ನಿ ಚಿತ್ರ ಸಂಸ್ಥೆಗಳು ೧೯೭೬ರ ನವೆಂಬರಿನಲ್ಲಿ ಸೋನಿಯ ಮೇಲೆ ದಾವೆ ಹೂಡಿದವು. ಮನೆಯಲ್ಲಿ ಕುಳಿತು ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳುವುದು ಕೃತಿಸ್ವಾಮ್ಯದ ಕಳವು, ಯಂತ್ರವನ್ನು ಮಾರಿದವರು ಕಳ್ಳತನಕ್ಕೆ ನೆರವಾದವರು ಎಂಬುದು ಅವುಗಳ ವಾದ. ಮೊರಿತರು ರಾಜಿಗೆ ಬಾರದೆ ಎದುರಿಸಿದರು. ೧೯೭೯ರಲ್ಲಿ ಕೆಳಗಿನ ನ್ಯಾಯಾಲಯದಲ್ಲಿ ಗೆದ್ದರು. ೧೯೮೧ರಲ್ಲಿ ಮೇಲಿನ ನ್ಯಾಯಾಲಯದಲ್ಲಿ ಸೋತರು. ಕಡೆಗೆ ೧೯೮೪ ಜನವರಿ ೧೭ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ಸೋನಿಯ ಪರವಾಗಿ ತೀರ್ಪು ಕೊಟ್ಟಿತು. ಆಮೇಲೆ ನೋಡುವುದಕ್ಕಾಗಿ ಮನೆಯಲ್ಲಿ ಮುದ್ರಿಸಿಕೊಳ್ಳುವುದು ನ್ಯಾಯವಾದ ಬಳಕೆಯೇ. ತಪ್ಪಲ್ಲದ ಉಪಯೋಗಗಳು ಬೇಕಾದಷ್ಟಿರುವ ಯಂತ್ರವನ್ನು ಮಾರುವವನು ಅಪರಾಧಿಯಲ್ಲ ಎಂದು ಬಹುಮತದ ನ್ಯಾಯಾಧೀಶರು ನಿರ್ಣಯಿಸಿದರು. ಒಬ್ಬ ನ್ಯಾಯಾಧೀಶರು ಆಚೆಗೆ ಸರಿದಿದ್ದರೆ ಮನೆಯ ವೀಡಿಯೋ ಯಂತ್ರವೆಂಬುದು ಅಮೆರಿಕದಲ್ಲಿ ಅಂದೇ ಮುಗಿದುಹೋಗುತ್ತಿತ್ತೋ ಏನೋ. ವಿಚಿತ್ರವೆಂದರೆ ಏಳು ವರ್ಷಗಳ ಈ ವ್ಯಾಜ್ಯದ ಖರ್ಚು ಸೋನಿಯದು, ಫಲವು ಬಹುಮಟ್ಟಿಗೆ ಅದರ ಪ್ರತಿಸ್ಪರ್ಧಿಗಳದು.

ಏಕೆಂದರೆ ಅಷ್ಟರಲ್ಲಿ ಪೇಟೆಯು ಕೈತಪ್ಪಿದ್ದಿತು. ಬೀಟಾಮ್ಯಾಕ್ಸನ್ನು ಪೇಟೆಗೆ ತರುವ ಮುನ್ನ ೧೯೭೪ರ ಕೊನೆಯಲ್ಲಿ ಸೋನಿಯವರು ಅದನ್ನು ಮತ್ಸುಶಿತ, ಜೆ.ವಿ.ಸಿ. ಕಂಪನಿಗಳವರಿಗೆ ತೋರಿಸಿ, ಎಲ್ಲರೂ ಇದೇ ಮಾದರಿಯನ್ನು ಹಿಡಿಯೋಣವೆಂದು ಕೇಳಿದ್ದರು. ಆದರೆ ತೋರಿಸಿದ್ದು ಸಿದ್ಧವಾಗಿ ನಿಂತಿದ್ದ ಯಂತ್ರವನ್ನು. ಕಾರ್ಖಾನೆಯ ಅಚ್ಚುಗಳೂ ಆಗಲೇ ಎರಕವಾಗಿದ್ದವು. ಬದಲಾಯಿಸುವ ಮಾತಿಗೆ ಎಡೆಯಿರಲಿಲ್ಲ. ಅಡಿಗೆಯಾದ ಮೇಲೆ ಏನು ಮಾಡೋಣವೆಂದು ಕೇಳಿದಂತೆ! ಜೆ.ವಿ.ಸಿ.ಯವರು ತಮ್ಮ ಸಣ್ಣ ವಿಭಾಗವೊಂದರಲ್ಲಿ ಸದ್ದಿಲ್ಲದೆ ಬೆಳೆಸಿದ್ದ ವಿ.ಎಚ್.ಎಸ್. ಮಾದರಿಯನ್ನು ೧೯೭೬ ಸೆಪ್ಟೆಂಬರಿನಲ್ಲಿ ಹೊರಗಿಟ್ಟರು. ಪೆಟ್ಟಿಗೆಯು ಬೀಟಾಮ್ಯಾಕ್ಸಿನದಕ್ಕಿಂತ ಸುಮಾರು ಮೂರು ಸೆಂಟಿಮೀಟರ್ ಉದ್ದ. ಆದರೆ ಎರಡು ಗಂಟೆಯ ಮುದ್ರಣ. ಸಿನಿಮಾ ಒಂದು ಗಂಟೆಯಲ್ಲಿ ಮುಗಿಯುವುದಿಲ್ಲವೆಂಬ ಸರಳ ಸಂಗತಿಯನ್ನು ಅವರು ಗಮನಿಸಿದ್ದರು. ತಮ್ಮ ಮಾದರಿಯನ್ನು ಕೇಳಿದವರಿಗೆಲ್ಲ ಧಾರಾಳವಾಗಿ ಹಂಚಿದರು. ಮತ್ಸುಶಿತ, ಹಿಟಾಚಿ, ಮಿತ್ಸುಬಿಶಿ, ಶಾರ್ಪ್ ಎಲ್ಲರೂ ಅತ್ತ ಸೇರಿದರು. ಅಮೆರಿಕದ ಆರ್.ಸಿ.ಎ. ಕಂಪನಿಯು ೧೯೭೭ರಲ್ಲಿ ಮತ್ಸುಶಿತದಿಂದ ನಾಲ್ಕು ಗಂಟೆ ಮುದ್ರಿಸುವ ಯಂತ್ರವನ್ನು ಮಾಡಿಸಿಕೊಂಡು ತನ್ನ ಹೆಸರಿನಲ್ಲಿ ಮಾರಿತು. ಬೇರೆಯವರ ಹೆಸರಿನಲ್ಲಿ ಮಾರುವುದಿಲ್ಲವೆಂಬ ಬುಲೋವದ ದಿನದ ಛಲವು ರೇಡಿಯೋಗೆ ಸರಿಯಾಗಿದ್ದಿತು. ಎಲ್ಲರ ಯಂತ್ರದಲ್ಲೂ ಓಡಬೇಕಾದ ಸುರುಳಿಗೆ ಅದೇ ಛಲ ಮುಳುವಾಯಿತು. ರೇಡಿಯೋವನ್ನು ಒಬ್ಬನೇ ಕೇಳಬಹುದು. ಕ್ಯಾಸೆಟ್ಟನ್ನು ನೆರೆಮನೆಯವನಿಂದ ಎರವಲು ತರಬೇಕು, ಅಂಗಡಿಯಿಂದ ಬಾಡಿಗೆಗೆ ತರಬೇಕು. ಹೆಚ್ಚು ಮನೆಗಳಲ್ಲಿ ಯಾವ ಯಂತ್ರವಿದೆಯೋ ಅದರ ಕ್ಯಾಸೆಟ್ಟನ್ನೇ ಅಂಗಡಿಯವನು ಇಡುತ್ತಾನೆ. ಅಂಗಡಿಯಲ್ಲಿ ಯಾವ ಕ್ಯಾಸೆಟ್ಟಿದೆಯೋ ಅದರ ಯಂತ್ರವನ್ನೇ ಜನ ಕೊಳ್ಳುತ್ತಾರೆ. ಸೋನಿಯೂ ಬೇಗನೆ ಎರಡು ಗಂಟೆಯ ಯಂತ್ರವನ್ನು ತಂದಿತು, ಅಷ್ಟರಲ್ಲಿ ಹೊತ್ತು ಮೀರಿತ್ತು. ಚಿತ್ರದ ಸ್ಪಷ್ಟತೆಯಲ್ಲಿ ಬೀಟಾಮ್ಯಾಕ್ಸ್ ಮೇಲಾಗಿದ್ದಿತೆಂದು ಇಂದಿಗೂ ವಾದಿಸುವವರಿದ್ದಾರೆ. ಇದ್ದಿರಬಹುದು. ಕೊಳ್ಳುವವನು ತೂಗಿನೋಡಿದ್ದು ಅದನ್ನಲ್ಲ.

೧೯೮೪ರ ಜನವರಿಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಗೆಲುವು ಬಂದ ಮರುವಾರವೇ, ಸೋನಿಯು ಜಪಾನಿನ ಪತ್ರಿಕೆಗಳಲ್ಲಿ ನಾಲ್ಕು ದಿನ ಒಂದರ ಮೇಲೊಂದು ವಿಚಿತ್ರ ಜಾಹೀರಾತುಗಳನ್ನು ಕೊಟ್ಟಿತು. ಬೀಟಾಮ್ಯಾಕ್ಸ್ ಇಲ್ಲವಾಗುವುದೇ, ಅದನ್ನು ಕೊಂಡರೆ ನಷ್ಟವಾಗುವುದೇ ಎಂದು ತಾನೇ ಪ್ರಶ್ನೆ ಹಾಕಿ, ಕಡೆಯಲ್ಲಿ ಇಲ್ಲವೆಂದು ತಾನೇ ಉತ್ತರ ಹೇಳಿತು. ಓದಿದವರಲ್ಲಿ ಅನೇಕರು ಉತ್ತರವನ್ನು ಮರೆತು ಪ್ರಶ್ನೆಯನ್ನು ಮಾತ್ರ ನೆನಪಿಟ್ಟುಕೊಂಡರು. ೧೯೮೮ರಲ್ಲಿ ಸೋನಿಯೇ ವಿ.ಎಚ್.ಎಸ್. ಯಂತ್ರಗಳನ್ನು ಮಾರಲು ತೊಡಗಿತು. ಮೊರಿತರು ಆಗ ಸಂಸ್ಥೆಯ ಅಧ್ಯಕ್ಷರು. ವ್ಯಾಪಾರದಲ್ಲಿ ಇಂಥ ಶರಣಾಗತಿಯನ್ನು ಒಪ್ಪುವುದಕ್ಕೂ ಒಂದು ಬಗೆಯ ಧೈರ್ಯ ಬೇಕಾಗುತ್ತದೆ. ನಡುವೆ ಎಂಟು ಮಿಲಿಮೀಟರಿನ ಸಣ್ಣ ಸುರುಳಿಯ ಮಾದರಿ ಹುಟ್ಟಿದಾಗ, ೧೨೭ ಕಂಪನಿಗಳು ಮೊದಲೇ ಕುಳಿತು ಒಪ್ಪಂದ ಮಾಡಿಕೊಂಡವು. ಪೆಟ್ಟು ತಿಂದವರು ಕಲಿತಿದ್ದರು. ಬೀಟಾಮ್ಯಾಕ್ಸಿನ ಪೆಟ್ಟಿಗೆಯಿಂದಲೇ ಹುಟ್ಟಿದ ಬೀಟಾಕ್ಯಾಮ್ ಎಂಬ ಮಾದರಿಯು ೧೯೮೨ರಿಂದ ಜಗತ್ತಿನ ದೂರದರ್ಶನ ಕೇಂದ್ರಗಳಲ್ಲಿ ಬಹುಕಾಲ ಮೆರೆಯಿತು. ಮನೆಯಲ್ಲಿ ಸೋತದ್ದು ಕಚೇರಿಯಲ್ಲಿ ಗೆದ್ದಿತೆನ್ನಬಹುದು.

ವಾಕ್‌ಮನ್ ಯಂತ್ರದ ಕಥೆಯನ್ನು ಎಲ್ಲರೂ ಬಲ್ಲರು. ಮುದ್ರಿಸಲಾರದ ಟೇಪ್ ಯಂತ್ರವನ್ನು ಯಾರು ಕೊಳ್ಳುತ್ತಾರೆಂದು ಸಂಸ್ಥೆಯವರೇ ಅನುಮಾನಿಸಿದಾಗ ಮೊರಿತರು ಹಟ ಹಿಡಿದು ೧೯೭೯ರ ಜುಲೈ ೧ರಂದು ಅದನ್ನು ಹೊರತಂದರು. ಜಗತ್ತು ಅದನ್ನು ಕಿವಿಗೇರಿಸಿಕೊಂಡಿತು. ಅದಕ್ಕಿಂತ ಹೆಚ್ಚು ವಿಚಾರಾರ್ಹವಾದದ್ದು ೧೯೮೯ರಲ್ಲಿ ಅವರು ಹಾಲಿವುಡ್ಡಿನ ಕೊಲಂಬಿಯ ಚಿತ್ರ ಸಂಸ್ಥೆಯನ್ನು ೩೪೦ ಕೋಟಿ ಡಾಲರಿಗೆ ಕೊಂಡದ್ದು. ಯಂತ್ರದ ಜೊತೆಗೆ ಸಿನಿಮಾಗಳೂ ತಮ್ಮವೇ ಆಗಿದ್ದಿದ್ದರೆ ಬೀಟಾಮ್ಯಾಕ್ಸ್ ಸೋಲುತ್ತಿರಲಿಲ್ಲ ಎಂಬ ನಂಬಿಕೆ ಅದರ ಹಿಂದೆ ಇದ್ದಿತು. ಈ ಪಾಠವನ್ನು ಅವರು ಸರಿಯಾಗಿ ಓದಿದರೆಂದು ನನಗೆ ತೋರುವುದಿಲ್ಲ. ವಿ.ಎಚ್.ಎಸ್. ಗೆದ್ದದ್ದು ಸ್ವಂತ ಸಿನಿಮಾಗಳಿಂದಲ್ಲ, ಹಂಚಿಕೊಂಡು ತಿಂದದ್ದರಿಂದ. ೧೯೯೪ರಲ್ಲಿ ಈ ಚಿತ್ರ ವ್ಯವಹಾರದ ಲೆಕ್ಕದಲ್ಲಿ ಸೋನಿಯು ಇನ್ನೂರೈವತ್ತು ಕೋಟಿ ಡಾಲರಿಗೂ ಹೆಚ್ಚಿನ ನಷ್ಟವನ್ನು ಬರೆದುಕೊಳ್ಳಬೇಕಾಯಿತು.

ಆ ವೇಳೆಗೆ ಮೊರಿತರು ಹಾಸಿಗೆ ಹಿಡಿದಿದ್ದರು. ಐವತ್ತು ದಾಟಿದ ಮೇಲೆ ಟೆನಿಸ್ಸನ್ನೂ, ಅರುವತ್ತರ ಸುಮಾರಿಗೆ ಹಿಮದ ಮೇಲೆ ಜಾರುವುದನ್ನೂ ಕಲಿತ ಉತ್ಸಾಹಿಗಳು ಅವರು. ೧೯೯೩ ನವೆಂಬರ್ ೩೦ರ ಬೆಳಗ್ಗೆ ಟೆನಿಸ್ ಆಡುತ್ತಿದ್ದಾಗಲೇ ಮೆದುಳಿನ ರಕ್ತಸ್ರಾವವಾಗಿ ಕುಸಿದರು. ಜಪಾನಿನ ಕೈಗಾರಿಕೋದ್ಯಮಿಗಳ ಮಹಾಸಂಘದ ಅಧ್ಯಕ್ಷತೆ ಅವರಿಗೆ ಬರುವುದರಲ್ಲಿದ್ದಿತು. ಮರುವರ್ಷ ಸೋನಿಯ ಅಧ್ಯಕ್ಷ ಪದವಿಗೂ ರಾಜೀನಾಮೆ ಕೊಟ್ಟರು. ಬಹಳ ಮಾತಿನವರಾಗಿದ್ದ ಮನುಷ್ಯನು ಗಾಲಿಕುರ್ಚಿಯಲ್ಲಿ ಮಾತಿಲ್ಲದೆ ಕು. ಇಬುಕರು ೧೯೯೭ರ ಡಿಸೆಂಬರಿನಲ್ಲಿ ತೀರಿಕೊಂಡರು. ಮೊರಿತರು ೧೯೯೯ ಅಕ್ಟೋಬರ್ ೩ರಂದು ಟೋಕಿಯೊದಲ್ಲಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ನ್ಯುಮೋನಿಯದಿಂದ ನಿಧನರಾದರು.

ಅವರ ಬೀಟಾಮ್ಯಾಕ್ಸ್ ಅವರಿಗಿಂತ ಹೆಚ್ಚು ಕಾಲ ಬದುಕಿತು. ಯಂತ್ರಗಳ ತಯಾರಿಕೆಯು ನಿಂತದ್ದು ೨೦೦೨ರಲ್ಲಿ. ಕ್ಯಾಸೆಟ್ಟುಗಳನ್ನು ೨೦೧೬ ಮಾರ್ಚಿಯವರೆಗೂ ಸೋನಿಯು ಮಾರುತ್ತಲೇ ಇದ್ದಿತು. ಸೋತ ಸರಕನ್ನು ನಂಬಿ ಕೊಂಡಿದ್ದವರ ಕೈಬಿಡದೆ ನಲವತ್ತು ವರ್ಷ ಸುರುಳಿಯನ್ನು ಒದಗಿಸಿದ್ದು ಆ ಜಾಹೀರಾತಿನ ಮಾತನ್ನು ಉಳಿಸಿಕೊಂಡ ಹಾಗೆಯೇ ಸರಿ. ಗೆದ್ದ ವಿ.ಎಚ್.ಎಸ್. ಕೂಡ ಬಹಳ ಹಿಂದೆ ಉಳಿಯಲಿಲ್ಲ. ಅದರ ಯಂತ್ರಗಳನ್ನು ಕಡೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯು ೨೦೧೬ ಜುಲೈಯಲ್ಲಿ ಕೆಲಸ ನಿಲ್ಲಿಸಿತು.

ನಮ್ಮ ನಾಡಿಗೆ ವೀಡಿಯೋ ಬಂದದ್ದು ೧೯೮೨ರ ದೆಹಲಿಯ ಏಷ್ಯನ್ ಕ್ರೀಡೆಗಳ ಹೊತ್ತಿನಲ್ಲಿ, ಬಣ್ಣದ ಟಿ.ವಿ.ಯ ಹಿಂದೆ. ಕರಾವಳಿಯ ಕಡೆ ಗಲ್ಫಿಗೆ ದುಡಿಯಲು ಹೋದವರು ಹೆಗಲ ಮೇಲೆ ಯಂತ್ರವನ್ನು ಹೊತ್ತು ತಂದರು. ಊರೂರಿನಲ್ಲಿ ವೀಡಿಯೋ ಲೈಬ್ರರಿಗಳು ಎದ್ದವು, ಯಂತ್ರವನ್ನೂ ಟಿ.ವಿ.ಯನ್ನೂ ಬಾಡಿಗೆಗೆ ತಂದು ರಾತ್ರಿಯಿಡೀ ಮೂರು ಸಿನಿಮಾ ನೋಡುವುದು ನಮ್ಮ ತಂದೆತಾಯಿಯರ ಕಾಲದ ಸಂಭ್ರಮ. ಮದುವೆಯ ವೀಡಿಯೋ ಎಂಬುದು ಧಾರೆಯಷ್ಟೇ ಅಗತ್ಯವಾಯಿತು. ಆ ಕ್ಯಾಸೆಟ್ಟುಗಳು ಈಗಲೂ ಟ್ರಂಕುಗಳಲ್ಲಿವೆ, ನೋಡುವುದಕ್ಕೆ ಯಂತ್ರವಿಲ್ಲ. ತೀರಿಹೋದ ಅಜ್ಜಿಯು ನಡೆದಾಡುವುದೂ, ಮಾತನಾಡುವುದೂ ಅದರಲ್ಲಿ ಮಾತ್ರ ಇರುವ ಮನೆಗಳು ಎಷ್ಟೋ! ಹೊರಗೆ ಗಟ್ಟಿಯಾಗಿ ಕಂಡರೂ ಒಳಗಿನ ಸುರುಳಿಯು ಸಾಯುತ್ತಿರುತ್ತದೆ. ಪಾಲಿಯೆಸ್ಟರಿನ ಪಟ್ಟಿಗೆ ಕಬ್ಬಿಣದ ಆಕ್ಸೈಡನ್ನು ಅಂಟಿಸಿರುವ ಅಂಟು ಗಾಳಿಯ ತೇವವನ್ನು ಹೀರಿ ಜಿಗುಟಾಗುತ್ತದೆ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಅಂಚಿಗೆ ಬಿಳಿಯ ಬೂಷ್ಟು ಹಿಡಿಯುತ್ತದೆ. ಹಾಗೆ ಕೆಟ್ಟದ್ದನ್ನು ಯಂತ್ರಕ್ಕೆ ಹಾಕಿದರೆ ಚಿತ್ರವೇ ಕಿತ್ತುಬರುತ್ತದೆ. ಒಣಗಿದ ಜಾಗದಲ್ಲಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ ಇಟ್ಟವು ಹೆಚ್ಚು ಕಾಲ ಬಾಳುತ್ತವೆ. ಪಟ್ಟಣಗಳಲ್ಲಿ ಇವನ್ನು ಕಂಪ್ಯೂಟರಿಗೆ ಇಳಿಸಿಕೊಡುವವರು ಇನ್ನೂ ಇದ್ದಾರೆ, ಆದರೆ ಕೆಲಸ ಮಾಡುವ ಹಳೆಯ ಯಂತ್ರಗಳು ವರ್ಷವರ್ಷಕ್ಕೂ ಕಡಮೆಯಾಗುತ್ತಿವೆ. ಇಳಿಸಿಕೊಳ್ಳಬೇಕಾದವರು ಈ ರಜೆಯಲ್ಲಿಯೇ ಇಳಿಸಿಕೊಳ್ಳುವುದು ಮೇಲು.

ಇಳಿಸಿಕೊಂಡಾದ ಮೇಲೆ ಪೆಟ್ಟಿಗೆಯನ್ನು ಏನು ಮಾಡುವುದು? ಒಲೆಗೆ ಹಾಕುವವರನ್ನು ಕಂಡಿದ್ದೇವೆ. ಅದರ ಕರಿಯ ಹೊಗೆ ಎದೆಗೆ ಕೆಟ್ಟದ್ದು. ರಾಗಿ ಜೋಳದ ಹೊಲಗಳಲ್ಲಿ ಗಿಳಿ ಗುಬ್ಬಚ್ಚಿಗಳನ್ನು ಬೆದರಿಸಲು ಸುರುಳಿಯನ್ನು ಎಳೆದು ಕಟ್ಟುವುದುಂಟು. ಗಾಳಿಗೆ ಅದು ಮಿಂಚುತ್ತ ಗುಂಯ್‌ಗುಡುತ್ತದೆ, ಹಕ್ಕಿಗಳು ಹೆದರುತ್ತವೆ. ಬಿಸಿಲಿಗೆ ಹರಿದು ತುಂಡುಗಳು ಮಣ್ಣಿನಲ್ಲಿ ಸೇರಿಹೋಗುತ್ತವೆ, ಕೊಳೆಯುವುದಿಲ್ಲ. ವಿ.ಎಚ್.ಎಸ್. ಪೆಟ್ಟಿಗೆಯ ಬೆನ್ನಿನಲ್ಲಿ ಸಾಮಾನ್ಯವಾಗಿ ಐದು ತಿರುಪುಗಳಿರುತ್ತವೆ. ಅವನ್ನು ಬಿಚ್ಚಿದರೆ ಗಟ್ಟಿ ಪ್ಲಾಸ್ಟಿಕ್ಕಿನ ಎರಡು ಚಿಪ್ಪುಗಳು, ಎರಡು ಗಾಲಿಗಳು, ಒಂದೆರಡು ಉಕ್ಕಿನ ಕಡ್ಡಿಗಳು, ಸ್ಪ್ರಿಂಗುಗಳು ಬೇರೆಯಾಗುತ್ತವೆ. ಚಿಪ್ಪನ್ನೂ ಉಕ್ಕನ್ನೂ ಗುಜರಿಯವರು ಬೇರೆಬೇರೆಯಾಗಿ ಕೊಟ್ಟರೆ ತೂಕಕ್ಕೆ ತೆಗೆದುಕೊಳ್ಳುತ್ತಾರೆ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಕೂದಲಿಗಿಂತ ತೆಳ್ಳಗಿನ ಸುರುಳಿ ಸುಮಾರು ೨೫೮ ಮೀಟರ್ ಇರುತ್ತದೆ. ಪ್ಲಾಸ್ಟಿಕ್ಕಿಗೆ ಲೋಹದ ಪುಡಿಯು ಅಂಟಿಕೊಂಡಿರುವುದರಿಂದ ಅದನ್ನು ಕರಗಿಸಿ ಮತ್ತೊಂದನ್ನು ಮಾಡುವುದು ಕಷ್ಟ, ಗುಜರಿಯವರೂ ಅದನ್ನು ಕೊಳ್ಳುವುದಿಲ್ಲ.